ಮೂವತ್ತನೆಯ ನಿಮಿಷದ ರಕ್ತ

ಪ್ರಯೋಗಾಲಯದವರೆಲ್ಲ ಅವರನ್ನು ಮೊಲದಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷ ಅವರು ನೋಡಿಕೊಂಡದ್ದು ಪ್ರಾಣಿಗಳ ಕೋಣೆಯನ್ನು: ಎರಡು ಸಾಲು ಉಕ್ಕಿನ ಗೂಡುಗಳು, ಫಿನಾಯಿಲ್ ವಾಸನೆ, ಬಾಗಿಲ ಮೇಲೊಂದು ದೊಡ್ಡ ಗಡಿಯಾರ. ಮೊಲದ ಕಿವಿಯ ರಕ್ತನಾಳದಿಂದ ರಕ್ತ ತೆಗೆಯುವುದರಲ್ಲಿ ಅವರದು ಎತ್ತಿದ ಕೈ. ಆದರೆ ತಮ್ಮ ವೃತ್ತಿಯ ಮಾತು ಬಂದಾಗಲೆಲ್ಲ ಅವರು ಮೊದಲು ನೆನೆಯುವುದು ಒಂದು ತಪ್ಪನ್ನು.

ಆಗ ಅಲ್ಲಿನ ಮುಖ್ಯಸ್ಥೆಯಾಗಿದ್ದ ಮೇಡಂ, ಹೃದಯಾಘಾತವಾದವರ ರಕ್ತನಾಳದ ಹೆಪ್ಪನ್ನು ಕರಗಿಸುವ ಪ್ರೋಟೀನೊಂದನ್ನು ತಿದ್ದುತ್ತಿದ್ದರು. ಹಳೆಯ ಔಷಧ ರಕ್ತದಲ್ಲಿ ಐದಾರು ನಿಮಿಷಗಳಲ್ಲೇ ಅರ್ಧಕ್ಕಿಳಿಯುತ್ತಿದ್ದುದರಿಂದ ರೋಗಿಗೆ ಡ್ರಿಪ್ ಹಾಕಿ ಕಾಯಬೇಕಿತ್ತು. ಹೆಚ್ಚು ಹೊತ್ತು ಉಳಿಯುವಂಥದು ಸಿಕ್ಕಿದರೆ ಆಂಬ್ಯುಲೆನ್ಸಿನಲ್ಲೇ ಒಂದು ಚುಚ್ಚುಮದ್ದು ಕೊಟ್ಟರೆ ಸಾಕು. ಹದಿನೇಳು ರೂಪಗಳು ಸೋತಿದ್ದವು. ಹದಿನೆಂಟನೆಯದನ್ನು ಆರು ಮೊಲಗಳಿಗೆ ಕೊಟ್ಟು, ಎರಡು, ಐದು, ಹತ್ತು, ಇಪ್ಪತ್ತು, ಮೂವತ್ತನೆಯ ನಿಮಿಷಗಳಲ್ಲಿ ರಕ್ತ ತೆಗೆಯಬೇಕಿತ್ತು.

ಅಂದು ಇಪ್ಪತ್ತನೆಯ ನಿಮಿಷದ, ಅಂದರೆ ನಾಲ್ಕನೆಯ, ಚುಚ್ಚಿಗೆ ರಕ್ತ ನಿಲ್ಲದೆ ಮೊದಲ ಮೊಲದ ಕಿವಿ ಕಪ್ಪಾಗಿ ಊದಿಕೊಂಡಿತು. ಮೊಲದಣ್ಣ ಆ ಚುಚ್ಚಿನಲ್ಲೇ ಎರಡು ಕೊಳವೆ ತುಂಬಿ, ಒಂದರ ಮೇಲೆ ಇಪ್ಪತ್ತು, ಇನ್ನೊಂದರ ಮೇಲೆ ಮೂವತ್ತು ಎಂದು ಬರೆದರು. ಉಳಿದ ಐದಕ್ಕೂ ಹಾಗೆಯೇ ಮಾಡಿದರು.

“ಹದಿನೇಳು ಸಲವೂ ಮೂವತ್ತರ ಕೊಳವೇಲಿ ಏನೂ ಸಿಕ್ಕಿರ್ಲಿಲ್ಲ. ಇನ್ನೊಂದು ಸಲ ಯಾಕೆ ಚುಚ್ಚೋದು ಅನ್ಕೊಂಡೆ,” ಎನ್ನುತ್ತಾರೆ ಈಗ.

ಎರಡು ದಿನಗಳ ಮೇಲೆ ಮೇಡಂ ನಕ್ಷೆಯ ಹಾಳೆ ಹಿಡಿದು ಓಡಿಬಂದರು.

“ಮೊಲದಣ್ಣ, ನೋಡಿಲ್ಲಿ! ಇಪ್ಪತ್ತರಿಂದ ಮೂವತ್ತಕ್ಕೆ ಗೆರೆ ಇಳಿದೇ ಇಲ್ಲ, ಔಷಧ ಹಾಗೇ ಉಳ್ಕೊಂಡಿದೆ! ನಿಮ್ಮ ಕೈಗೆ ಚಿನ್ನದ ಕಡಗ ತೊಡಿಸ್ಬೇಕು!”

ಆ ಕೈಯನ್ನು ಅವರು ಬೆನ್ನ ಹಿಂದೆ ಇಟ್ಟುಕೊಂಡರು.

ಸಂಜೆ ಊಟಕ್ಕೆ ಕೂತಾಗ ಹೆಂಡತಿ ಕೇಳಿದರು: “ಏನ್ರೀ, ತಟ್ಟೇಲಿ ಬೆರಳಾಡಿಸ್ತಾ ಕೂತಿದ್ದೀರಿ? ಮೊಲಗಳ ಸಹವಾಸ ಮಾಡಿ ನಿಮಗೂ ಹುಲ್ಲೇ ಬೇಕಾ?”

ಅವರು ಎಲ್ಲವನ್ನೂ ಹೇಳಿದರು. ಆಕೆಯ ನಗು ನಿಂತಿತು.

“ನಮ್ಮಣ್ಣನಿಗೆ ಎದೆ ಹಿಡ್ಕೊಂಡಾಗ ಡ್ರಿಪ್ ಮುಗಿಯೋವರೆಗೂ ಜೀವ ಕೈಲಿ ಹಿಡ್ಕೊಂಡು ಕೂತಿದ್ವಲ್ಲ. ಒಂದೇ ಸೂಜಿ ಸಾಕು ಅಂತ ನಂಬಿ ಡಾಕ್ಟ್ರು ಎದ್ದು ಹೋಗಿದ್ರೆ?”

“ಮೊಲಕ್ಕೆ ನೋವಾಗುತ್ತೆ ಅಂತ ಕಣೇ...”

“ಅದನ್ನ ನನಗೆ ಹೇಳ್ಬೇಡಿ. ಆ ಮೇಡಂಗೆ ಹೇಳಿ.”

ಮರುದಿನ ಬೆಳಿಗ್ಗೆ ಅವರು ಹೇಳಿದರು. ಮೇಡಂ ನಕ್ಷೆಯನ್ನು ಮೇಜಿನ ಮೇಲೆ ಬೋರಲು ಹಾಕಿದರು.

“ಕೆಲಸದಿಂದ ತೆಗೀತೀರಾ ಮೇಡಂ?”

“ನಿಮ್ಮನ್ನ ತೆಗೆದ್ರೆ ಗೆರೆ ಸರಿಹೋಗುತ್ತಾ? ಇನ್ನೂ ಆರು ಮೊಲ ಬೇಕು. ನೀವೇ ಆರಿಸಿ. ರಕ್ತಾನೂ ನೀವೇ ತೆಗೀಬೇಕು.”

ಪ್ರಯೋಗ ಮುಗಿದ ಮೊಲಗಳನ್ನು ಉಳಿಸುವ ನಿಯಮ ಅಲ್ಲಿರಲಿಲ್ಲ. ಅವರು ಒಂದು ಚುಚ್ಚನ್ನು ತಪ್ಪಿಸಿದ್ದ ಆರೂ ಮೊಲಗಳು ಪ್ರಯೋಗ ಮುಗಿದ ಸಂಜೆಯೇ ಸತ್ತಿದ್ದವು. ಈಗ ಆರಿಸುವ ಆರಕ್ಕೂ ಅದೇ ಗತಿ ಎಂಬುದು ಅವರಿಗೆ ತಿಳಿದಿತ್ತು. ಈ ಬಾರಿ ಗಡಿಯಾರ ನೋಡಿಯೇ ಪ್ರತಿಯೊಂದು ಕೊಳವೆಯನ್ನೂ ತುಂಬಿದರು. ಮೂವತ್ತನೆಯ ನಿಮಿಷದ ರಕ್ತದಲ್ಲಿ ಔಷಧ ಲೇಶಮಾತ್ರವಿತ್ತು. ಹದಿನೆಂಟನೆಯ ರೂಪವೂ ಸೋತಿತ್ತು.

ಸೋಲಿನ ಬಗ್ಗೆ ಅವರು ಹೆಚ್ಚು ಮಾತಾಡುವುದಿಲ್ಲ. ಆ ಮೊಲಗಳನ್ನು ಆರಿಸಿದ್ದರ ಬಗ್ಗೆ ಮಾತ್ರ ಸಿಕ್ಕವರಿಗೆಲ್ಲ ಹೇಳುತ್ತಾರೆ.

“ಐದು ಮೊಲ ಗೂಡಿನ ಮೂಲೆಗೆ ಸರಿದ್ವು, ಕೈಹಾಕಿ ಹಿಡಿದೆ. ಆರನೇದು ಮಾತ್ರ ತಿನ್ನೋಕೆ ಏನೋ ತಂದಿದ್ದೀನಿ ಅಂತ ತಾನಾಗೇ ಬಂದು ನನ್ನ ಅಂಗೈ ಮೂಸ್ತು. ಬೇರೆ ಗೂಡು ತೆಗೀಬಹುದಿತ್ತು. ಅದನ್ನೇ ಎತ್ಕೊಂಡೆ.”