ಮಾವನ ಹೆಸರಿನ ರಕ್ತ

ಡಾಕ್ಟರ್ ಕುಮಾರೇಶನಿಗೆ ಕೂತಲ್ಲಿ ಕೂರಲಾಗದ ಚಾಳಿ. ಅವಲಪಲ್ಲಿಯ ಮನೆಯಲ್ಲಿ ಬೆಳಗ್ಗೆ ಎದ್ದವನೇ ಫೋನ್ ತೆಗೆಯುತ್ತಾನೆ. ಅಕ್ಕಪಕ್ಕದವರು ಟೊಮೇಟೊ ದರ ನೋಡುವ ಹೊತ್ತಿನಲ್ಲಿ ಇವನು, ತನ್ನ ಸಂಶೋಧನಾ ಲೇಖನಗಳನ್ನು ಜಗತ್ತಿನ ಯಾವ ಮೂಲೆಯವರು ಉಲ್ಲೇಖಿಸಿದ್ದಾರೆ ಎಂದು ಹುಡುಕುತ್ತಾನೆ. ಸಂಖ್ಯೆ ಏರಿದ್ದರೆ ದೋಸೆ ರುಚಿ. ಏರದಿದ್ದರೆ ಹೆಂಡತಿ ಸುಧಾಳ ಚಟ್ನಿಗೆ ಉಪ್ಪು ಹೆಚ್ಚು.

ಮೂತ್ರಪಿಂಡದ ಕಾಯಿಲೆಯ ಬಗ್ಗೆ ಅವನು ಬರೆದದ್ದು ರಾಶಿ. ಹೆಚ್ಚಿನವನ್ನು ಬರೆದವನು ಬಿಟ್ಟು ಇನ್ನೊಬ್ಬ ಓದಿದ್ದು ಅನುಮಾನ. ಹೆಸರು ತಂದುಕೊಟ್ಟದ್ದು ಒಂದೇ ಒಂದು, ಉದ್ದನಪಲ್ಲಿ ಎಂಬ ಹಳ್ಳಿಯಲ್ಲಿ ಮಾಡಿದ ಅಧ್ಯಯನದ್ದು. ಕಿಡ್ನಿ ಸೋಲತೊಡಗಿದ್ದ ಹಳ್ಳಿಯವರಿಗೆ ಉಪ್ಪು, ಉಪ್ಪಿನಕಾಯಿ, ಮೈಕೈ ನೋವಿನ ಮಾತ್ರೆ ಬಿಡಿಸಿ, ವರ್ಷದ ಕೊನೆಗೆ ಮತ್ತೆ ರಕ್ತ ತೆಗೆಸಿದ್ದ. ಕಾಯಿಲೆ ನಿಂತಲ್ಲೇ ನಿಂತಿತ್ತು! ಎಲ್ಲೆಲ್ಲಿಂದಲೋ ಕರೆ ಬಂತು, ಉಲ್ಲೇಖಗಳು ಬಂದವು. ಅದನ್ನು ನಂಬಿ ಬೇರೆ ಊರಿನ ವೈದ್ಯರು ಔಷಧಿ ಶುರುಮಾಡುವುದನ್ನೇ ಮುಂದಕ್ಕೆ ಹಾಕುತ್ತಿದ್ದರು. ಬರುವ ವಾರ ಪ್ರೊಫೆಸರ್ ಹುದ್ದೆಗೆ ಸಂದರ್ಶನ. ಕೈಯಲ್ಲಿದ್ದ ಬಂಡವಾಳವೆಲ್ಲ ಆ ಲೇಖನವೇ.

ಅಲ್ಲಿ ತೋರಿಸಲು ಸೋದರಮಾವನ ಫೋಟೊ ಬೇಕಿತ್ತು. ಅಪ್ಪನಿಲ್ಲದ ಕುಮಾರೇಶನನ್ನು ಸಾಕಿದವರು ಈ ಕದಿರಪ್ಪನೇ. ಅಧ್ಯಯನಕ್ಕೆ ಊರನ್ನು ಒಗ್ಗೂಡಿಸಿದವರೂ, ರೋಗಿಯಾಗಿ ಮೊದಲು ಹೆಸರು ಕೊಟ್ಟವರೂ ಅವರೇ. ಭಾನುವಾರ ಉದ್ದನಪಲ್ಲಿಗೆ ಹೋಗಿ ನೋಡಿದರೆ ಮಾವನ ಮುಖ ಊದಿತ್ತು. ಕಾಲಿನ ಮೇಲೆ ಹೆಬ್ಬೆರಳೊತ್ತಿದ. ಗುಳಿ ಬಿದ್ದದ್ದು ಬಿದ್ದಂತೆಯೇ ಉಳಿಯಿತು.

"ಮಾವ, ಇದು ಯಾವಾಗಿಂದ ಹಿಂಗೈತೆ?"

"ಅದೇನ್ ಬಿಡ್ಲಾ. ತೋಟದಾಗೆ ನಿಂತೂ ನಿಂತೂ ಊದ್ಕೊಂತದೆ."

"ಹೋದ್ ವರ್ಸ ರಕ್ತ ಚೆನ್ನಾಗೇ ಇತ್ತಲ್ಲ?"

ಒಳಗಿಂದ ಅತ್ತೆ ಭದ್ರಮ್ಮ ತಡೆಯಲಾರದೆ ಕೂಗಿದರು: "ಅದು ಇವ್ರ ರಕ್ತ ಅಲ್ಲ ಕಣಪ್ಪ, ರಾಮೂದು!"

ರಾಮು ಎಂದರೆ ಮಾವನ ತಮ್ಮ, ಗಟ್ಟಿ ಆಳು. ಕದಿರಪ್ಪ ಹೆಂಡತಿಯತ್ತ ಕಣ್ಣು ಬಿಟ್ಟರು, ಆಮೇಲೆ ತಾವೇ ನಕ್ಕರು.

"ಕೊನೇ ಸಲ ಸೂಜಿ ಚುಚ್ಚಾಕೆ ಬಂದಾಗ ನಂಗೆ ಮೈಯೆಲ್ಲ ಊದಿತ್ತು. ನಾನ್ ಕುಂತಿದ್ರೆ ನಿನ್ ಮರ್ವಾದಿ ಏನಾಗ್ತಿತ್ತು? ನನ್ ಹೆಸ್ರೇಳಿ ರಾಮೂನ ಕೂರ್ಸ್‌ಬುಟ್ಟೆ. ಪಕ್ಕದ್ಮನೆ ನರಸಿಂಹಪ್ಪಂಗೂ ಮಗನ್ನ ಕಳ್ಸು ಅಂದೆ. ಸುಸ್ತು ಅಂದೋರಿಗೆಲ್ಲ ಹಂಗೇ ಹೇಳ್ದೆ. ಇಸ್ಕೂಲಿಗೆ ಇನ್ಸ್‌ಪೆಟ್ರು ಬಂದ್ರೆ ದಡ್ಡ್ ಹುಡುಗ್ರನ್ನ ಮನೇಲಿರ್ರಿ ಅಂತಿರ್ಲಿಲ್ವಾ? ನಮ್ ಹುಡುಗ ಗೆಲ್ಬೇಕಲ್ಲ ಕಣ್ಲಾ!"

ಲೇಖನದ ಲೆಕ್ಕವೆಲ್ಲ ಸುಳ್ಳೆಂದು ಕುಮಾರೇಶನಿಗೆ ಹೊಳೆಯಿತು. ಎದ್ದು ಅಂಗಳದಲ್ಲಿ ಶತಪಥ ಹಾಕಿದ. ಮಾವನ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಅದಕ್ಕಿಂತ ಜಾಸ್ತಿ ಬಂತು. ಆವತ್ತು ಅವನು ರಕ್ತ ತೆಗೆಯುವ ಕೆಲಸವನ್ನು ಹೊರಗಿನ ಹುಡುಗಿಯರಿಗೆ ಒಪ್ಪಿಸಿ, ಚೆನ್ನೈನಲ್ಲಿ ಯಾವುದೋ ಸಭೆಯಲ್ಲಿ ಕೈಕುಲುಕುತ್ತಿದ್ದ. ಇಲ್ಲಿ ನಿಂತಿದ್ದರೆ ಒಂದೊಂದು ಮುಖವೂ ಗುರುತು ಸಿಗುತ್ತಿತ್ತು. ಈಗಲೂ ಬಾಯಿಬಿಡದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಸಂದರ್ಶನ ಮುಗಿಯಲಿ, ಆಮೇಲೆ ನೋಡೋಣ ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು. ಮತ್ತೊಬ್ಬ ಯಾರೋ ಆ ಲೇಖನವನ್ನು ಉಲ್ಲೇಖಿಸಿದ್ದ. ಆ ಪುಣ್ಯಾತ್ಮನ ಊರಿನಲ್ಲೂ ಒಬ್ಬ ಕದಿರಪ್ಪ ಔಷಧಿಯಿಲ್ಲದೆ ಕೂತಿರಬಹುದು ಎನ್ನಿಸಿತು.

ಜಗುಲಿಯ ಮೇಲೆ ಕೂತು, ಲೇಖನವನ್ನು ಹಿಂತೆಗೆದುಕೊಳ್ಳಬೇಕೆಂದು ಪತ್ರಿಕೆಯ ಸಂಪಾದಕರಿಗೆ ಬರೆದ. ಇನ್ನೊಮ್ಮೆ ಓದಿ, ಕಳಿಸಿಯೇ ಬಿಟ್ಟ. ಸುಧಾಳಿಗೆ ಫೋನ್ ಮಾಡಿ, "ಸಂದರ್ಶನದ ಆಸೆ ಬಿಟ್ಬಿಡು," ಎಂದ. ಅವಳು ಕಾರಣ ಕೇಳಿದಳು, ಅವನು ಹೇಳಿದ. "ಮೊದ್ಲು ಮಾವನ್ನ ಕರ್ಕೊಂಡ್ ಬನ್ನಿ," ಎಂದಳು.

ಮಾವ ಹೊರಡಲು ಒಪ್ಪಿದರು, ಜೊತೆಗೆ ರಾಮುವೂ ಬರಲಿ ಎಂದು ಹಟ ಹಿಡಿದರು. ಆಸರೆಗೆ ಇರಲಿ ಎಂದು ಕುಮಾರೇಶ ಅವನನ್ನೂ ಕಾರಿಗೆ ಹತ್ತಿಸಿದ. ಹೊಸೂರಿನ ಆಸ್ಪತ್ರೆಯ ಲ್ಯಾಬಿನಲ್ಲಿ ಹುಡುಗಿಯೊಬ್ಬಳು "ಪೇರ್ ಎನ್ನ?" ಎಂದು ತಮಿಳಿನಲ್ಲಿ ಹೆಸರು ಕೇಳಿದಳು. ಕದಿರಪ್ಪ ತಮ್ಮ ಹೆಸರನ್ನೇ ಹೇಳಿ, ಮೆಲ್ಲಗೆ ರಾಮುವಿನ ಬೆನ್ನು ತಳ್ಳಿದರು. ರಾಮು ಆಗಲೇ ಅಂಗಿಯ ತೋಳು ಮಡಿಸುತ್ತಿದ್ದ.

"ಮಾವ!"

"ಸುಮ್ಕಿರ್ಲಾ," ಎಂದು ಕದಿರಪ್ಪ ಪಿಸುಗುಟ್ಟಿದರು. "ಎಲ್ರೂ ನಿನ್ನ ಡಾಕ್ಟ್ರೇ ಅಂತ ಕೈ ಮುಗೀತವ್ರೆ. ನಂದು ಕೆಟ್ಟದಾಗ್ ಬಂದ್ರೆ ಇವ್ರ್ ಮುಂದೆ ನಿಂಗೇ ಅಲ್ವಾ ಅವಮಾನ?"

ಕುಮಾರೇಶನಿಗೆ ಅಷ್ಟು ಜನರ ಎದುರಿನಲ್ಲೇ ಅಳು ಬಂತು. ಮಾವನನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಿದ. ಊದಿದ ಆ ತೋಳಿನ ಅಂಗಿಯನ್ನು ತಾನೇ ಮಡಿಸಿದ.

"ಅವಮಾನ ಆದ್ರೆ ಆಗ್ಲಿ ಮಾವ. ನಂಗೆ ನೀನ್ ಬೇಕು," ಎಂದ.