ಚಪ್ಪಲಿ ಮೆಟ್ಟುವಾಗಿನ ಮಾತು

ಅಮೆರಿಕದ ಕ್ಲಿನಿಕ್ಕೊಂದರ ಸಂಗತಿಯನ್ನು ಕೋಲಾರದಲ್ಲಿ ಕೂತು ಬರೆಯುವುದು ಅಧಿಕಪ್ರಸಂಗವೆನಿಸಿದರೆ ಓದುಗರು ಮನ್ನಿಸಬೇಕು. ಇಲ್ಲಿರುವುದೆಲ್ಲ ಸುಗಟೂರಿನ ಮೇಘನ ಕಿವಿಯಾರೆ ಕೇಳಿದ್ದು. ಕಣ್ಣಾರೆ ಅವರೂ ಏನನ್ನೂ ಕಂಡಿಲ್ಲ.

ಇನ್ನೂ ಬೆಳಕು ಹರಿದಿಲ್ಲ. ತಾಯಿ ಶ್ಯಾಮಲಮ್ಮ ಕುಡುಗೋಲು ಹಿಡಿದು ಹಿಪ್ಪುನೇರಳೆ ತೋಟಕ್ಕೆ ಹೊರಟಿದ್ದಾರೆ. ನಡುಮನೆಯಲ್ಲಿ ಮೇಘನ ಹೆಡ್‌ಫೋನ್ ಏರಿಸಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾರೆ. ಅತ್ತ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ದಿನದ ಸಂಜೆ. ಅಲ್ಲೊಬ್ಬ ಡಾಕ್ಟರು ರೋಗಿಯನ್ನು ಮಾತಾಡಿಸುತ್ತಾರೆ. ಮೇಜಿನ ಮೇಲಿನ ಫೋನಿನ ಮೂಲಕ ಆ ಮಾತು ಕೇಳಿಸಿಕೊಂಡು ಮೇಘನ ರೋಗಿಯ ವಿವರ ಟೈಪು ಮಾಡುತ್ತಾರೆ. ರೋಗಿಗಳಿಗೆ ಇದು ಗೊತ್ತು. ಮೇಘನರ ದನಿ ಮಾತ್ರ ಅತ್ತ ಯಾರಿಗೂ ಕೇಳಿಸುವುದಿಲ್ಲ.

“ನಾನು ಕದದ ಸಂದಿಗೆ ಕಿವಿ ಇಟ್ರೆ ಚಾಡಿಕೋರಿ ಅಂತಾರೆ. ಇವಳು ಇಟ್ರೆ ಸಂಬಳ ಕೊಡ್ತಾರೆ!” ಶ್ಯಾಮಲಮ್ಮ ನಗುತ್ತಾರೆ.

“ಹೋಗಮ್ಮೋ, ಮೊದ್ಲು ಸಕ್ಕರೆ ಕಾಯಿಲೆ ಮಾತ್ರೆ ನುಂಗು. ಪೂರ್ತಿ ನುಂಗು.”

ಬಿ.ಎಸ್‌ಸಿ. ಮುಗಿಸಿದ ಮೇಘನ ಕೋಲಾರದ ಔಷಧಿ ಅಂಗಡಿಯಲ್ಲಿ ನಿಂತು ಮದ್ದಿನ ಹೆಸರುಗಳನ್ನು ಕಲಿತವರು. ಅಮೆರಿಕದ ಇಂಗ್ಲಿಷು ಕಿವಿಗೆ ಹತ್ತಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಆ ಕ್ಲಿನಿಕ್ಕನ್ನು ದೊಡ್ಡ ಕಂಪನಿಯೊಂದು ಕೊಂಡುಕೊಂಡಿತು.

“ಮುಂಚೆ ಡಾಕ್ಟ್ರು ರೋಗಿ ಮನೆ ನಾಯಿ ಹೆಸರು ಹಿಡಿದೂ ವಿಚಾರಿಸೋರು. ಈಗ ಒಬ್ಬೊಬ್ಬರಿಗೆ ಕಾಲು ಗಂಟೆ, ಅಷ್ಟೇ. ಅವ್ರು ಕೆಟ್ಟೋರಲ್ಲ. ಮೇಲಿನೋರಿಗೆ ತಲೆ ಲೆಕ್ಕ ಬೇಕು,” ಎನ್ನುತ್ತಾರೆ ಮೇಘನ. “ನಮ್ಮಲ್ಲಿಲ್ಲದ ಮಿಷನ್ನೆಲ್ಲ ಅಲ್ಲಿವೆ. ಆದ್ರೆ ಇದಕ್ಕೆಷ್ಟಾಗುತ್ತೆ ಅಂತ ಕೇಳಿದ್ರೆ ಡಾಕ್ಟ್ರಿಗೂ ಗೊತ್ತಿರಲ್ಲ. ಜನ ಪಾಪ, ಕಾಯಿಲೆ ಹೇಳೋಕ್ ಮುಂಚೆ ವಿಮೆ ಹೇಳ್ತಾರೆ.”

ಕಳೆದ ಚಳಿಗಾಲದಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರು ಬಂದಿದ್ದರು. ಅವರ ಹೆಸರನ್ನು ಮೇಘನ ಇವತ್ತಿಗೂ ಬಾಯಿಬಿಡುವುದಿಲ್ಲ. ರಕ್ತದಲ್ಲಿ ಸಕ್ಕರೆ ಏರಿತ್ತು. ಡಾಕ್ಟರು ಇನ್ಸುಲಿನ್ ಪ್ರಮಾಣ ಹೆಚ್ಚಿಸಿ, ಮುಗಿಯಿತೆಂದು ಎದ್ದರು. ಡಾಕ್ಟರು ಮುಗಿಯಿತೆಂದ ಮೇಲೆ ಟೈಪು ಮಾಡುವವರು ಸುಮ್ಮನಿರಬೇಕೆಂಬುದು ನಿಯಮ.

ನಮ್ಮ ಕಡೆ ನೆಂಟರು ಕಾಫಿ ಕುಡಿದು, ಊರ ಸಮಾಚಾರವೆಲ್ಲ ಆಡಿ, ಬಂದ ಕಾರಣವನ್ನು ಮಾತ್ರ ಚಪ್ಪಲಿ ಮೆಟ್ಟುವಾಗ ಹೇಳುತ್ತಾರೆ. ಅದನ್ನೇ ನೋಡಿ ಬೆಳೆದ ಮೇಘನ ಹೆಡ್‌ಫೋನ್ ತೆಗೆಯಲಿಲ್ಲ. ಡಾಕ್ಟರು ಬಾಗಿಲಾಚೆ ಹೋಗಿದ್ದರು. ಕೋಣೆಯಲ್ಲೇ ಉಳಿದಿದ್ದ ಫೋನಿನಲ್ಲಿ, ಬಾಗಿಲ ಹತ್ತಿರ ತಮ್ಮಷ್ಟಕ್ಕೇ ಹೇಳಿಕೊಳ್ಳುವ ಅಜ್ಜಿಯ ಮೆಲುದನಿ ಕೇಳಿಸಿತು: ದುಬಾರಿಯಾಯಿತೆಂದು ಅವರು ಇಷ್ಟು ದಿನ ಅರ್ಧ ಇನ್ಸುಲಿನ್ನಷ್ಟೇ ಚುಚ್ಚಿಕೊಳ್ಳುತ್ತಿದ್ದರು.

ಅರ್ಧದಲ್ಲಿದ್ದವರು ಈಗ ಏರಿಸಿದ್ದನ್ನು ಪೂರ್ತಿ ಚುಚ್ಚಿಕೊಂಡರೆ ಸಕ್ಕರೆ ಕುಸಿದು ಜೀವಕ್ಕೇ ಅಪಾಯ. ಆದರೆ ಬೆಂಗಳೂರಿನ ಮೇಲ್ವಿಚಾರಕ ಮುರಳಿಮೋಹನ್, ಮೇಘನ ಹಿಂದೊಮ್ಮೆ ತಾವಾಗಿ ಒಂದು ಮಾತು ಸೇರಿಸಿ ಬರೆದದ್ದಕ್ಕೆ ಗದರಿದ್ದರು: “ಡಾಕ್ಟ್ರು ಹೇಳಿದ್ದು ಬರಿಯಮ್ಮ, ನೀನೇ ಡಾಕ್ಟ್ರಾಗ್ಬೇಡ. ಇನ್ನೊಂದ್ಸಲ ಹಿಂಗಾದ್ರೆ ಕೆಲಸ ಹೋಗುತ್ತೆ.”

“ಕೆಲಸ ಹೋಗ್ಬೋದು ಅಂತ ಗೊತ್ತಿತ್ತು,” ಎನ್ನುತ್ತಾರೆ ಮೇಘನ. “ಆದ್ರೆ ನಮ್ಮಮ್ಮನೂ ಇದೇ ಆಟ ಆಡಿದ್ಳಲ್ಲ, ಮಾತ್ರೆ ಮುರಿದು ಮುರಿದು ನುಂಗೋದು. ಕೇಳಿದ್ರೆ, ‘ಪೋನೀಲೇ, ಹೋಗ್ಲಿ ಬಿಡು, ಎರಡು ತಿಂಗ್ಳು ಬರುತ್ತೆ ಕಣೇ’ ಅಂತ ಜಂಬ ಬೇರೆ. ಅಜ್ಜಿ ಅರ್ಧಾನೇ ಚುಚ್ಕೊಳ್ತಿದ್ರಂತೆ ಅಂತ ಒಂದೇ ಸಾಲು ಟೈಪ್ ಮಾಡಿ ಡಾಕ್ಟ್ರ ಕಂಪ್ಯೂಟರಿಗೆ ಕಳಿಸ್ಬಿಟ್ಟೆ.”

ಅತ್ತ ಓಡುವ ಹೆಜ್ಜೆ, ಅಜ್ಜಿಯನ್ನು ಕೂಗುವ ಡಾಕ್ಟರ ದನಿ.

“ಡಾಕ್ಟ್ರು ಕುರ್ಚಿ ಎಳ್ಕೊಂಡು ಕೂತ್ರು. ಆ ಕುರ್ಚಿ ಸದ್ದು ಇದ್ಯಲ್ಲಾ, ನಾದಸ್ವರ ಕೇಳ್ದಂಗಿತ್ತು.”

ಡಾಕ್ಟರು ಪ್ರಮಾಣವನ್ನು ಏರಿಸುವ ಮುಂಚೆ ಬರೆದಿದ್ದಷ್ಟಕ್ಕೇ ಇಳಿಸಿ, ಅಗ್ಗದ ಬಗೆಯ ಇನ್ಸುಲಿನ್ ಬರೆದುಕೊಟ್ಟರು. ಮುಂದಿನ ರೋಗಿ ಕಾಯಬೇಕಾಯಿತು. ಮುರಳಿಮೋಹನ್ ಹೊಗಳಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಹೊಸದಾಗಿ ಸೇರಿದವರಿಗೆ ಮಾತ್ರ ಈಗ ಹೇಳುತ್ತಾರಂತೆ: “ಬಾಗಿಲು ಮುಚ್ಚೋವರ್ಗೂ ಹೆಡ್‌ಫೋನ್ ತೆಗೀಬೇಡ್ರಪ್ಪಾ.”

ಮೇಘನರಿಗೆ ಒಂದೇ ಆಸೆ. “ಅಜ್ಜಿ ಇನ್ನೊಂದ್ಸಲ ಬಂದು ಹೋಗ್ಲಿ, ಬಾಗಿಲ ಹತ್ರ ಹೇಳೋಕೆ ಏನೂ ಉಳಿಸ್ಕೊಳ್ದೇನೇ.”

ಅಜ್ಜಿ ಆಮೇಲೆ ಆ ಕ್ಲಿನಿಕ್ಕಿಗೆ ಬಂದಿಲ್ಲ. ಆ ಮದ್ದಾದರೂ ಅವರ ಕೈಗೆಟುಕಿತೋ, ಬೇರೆ ಕಡೆ ಹೋದರೋ, ಇನ್ನೇನಾಯಿತೋ, ಮೇಘನರಿಗೆ ಗೊತ್ತಿಲ್ಲ. ನಮಗೂ ಗೊತ್ತಿಲ್ಲ.