ಹರಿದಿಟ್ಟ ಹಾಳೆಯ ಕೊನೆಯ ಸಾಲು

ವಸುಧಾ ಅವರೇ, ನಿಮ್ಮ ಟ್ರೇಸರ್ ಸರಿಯಾಗಿತ್ತು. ಅದು ಕೆಟ್ಟಿದೆ ಎಂದು ಮಾಲಕರ ಎದುರು ಹೇಳಿದವನು ನಾನು — ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಇಷ್ಟನ್ನು ಬರೆಯಲು ಇಷ್ಟು ವರ್ಷ ಹಿಡಿಯಿತು. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ!

ಸಿಂದಗಿಯ ಆ ಎರಡು ಕೋಣೆಯ ಕಾರ್ಖಾನೆ ನಿಮಗೆ ನೆನಪಿದ್ದೇ ಇರುತ್ತದೆ. ಕಬ್ಬಿನ ಬಂಡಿ ತೂಗುವ ಕಾಟಾಕ್ಕೆ ನಾವು ಎಲೆಕ್ಟ್ರಾನಿಕ್ ಪೆಟ್ಟಿಗೆ ಮಾಡುತ್ತಿದ್ದೆವು. ಒಳಗೆ ಲಿನಕ್ಸ್, ತೂಕ ಓದುವ ಭಾಗ ಬರೆದವನು ನಾನು. ಆ ಹಂಗಾಮಿನಲ್ಲಿ ತಾಂಬಾ ಊರಿನ ಕಾಟಾ ದಿನಕ್ಕೆ ನಾಲ್ಕು ಸಲ ಸ್ತಬ್ಧವಾಗುತ್ತಿತ್ತು. ಬಂಡಿಗಳ ಸಾಲು ರಸ್ತೆಯವರೆಗೆ, ಬೈಗುಳ ನಮ್ಮ ಬಾಗಿಲವರೆಗೆ. ಕಾರಣ ಹುಡುಕಲು, ಲಿನಕ್ಸ್‌ನ ತಿರುಳಾದ ಕರ್ನೆಲ್‌ನೊಳಗೆ ಯಾವ ಫಂಕ್ಷನ್ ಯಾವಾಗ ಓಡಿತೆಂದು ಬರೆದಿಡುವ ಟ್ರೇಸರ್ ಬೇಕಿತ್ತು. ಅದು ಮೇಜಿನ ಪಿಸಿಯಲ್ಲಿ ಓಡುತ್ತಿತ್ತು. ಪೆಟ್ಟಿಗೆಯೊಳಗಿನ ಪ್ರೊಸೆಸರ್ ಬೇರೆ ಜಾತಿಯದು, ಅಲ್ಲಿ ಓಡುತ್ತಿರಲಿಲ್ಲ.

ಅದನ್ನು ಅಲ್ಲಿಗೆ ಹೊಂದಿಸಲು ನೀವು ಕೂತಿರಿ. ದಿನಾ ದೇವಣಗಾಂವದಿಂದ ಬಸ್ಸು, ಡಬ್ಬಿಯಲ್ಲಿ ರೊಟ್ಟಿ, ಮೂರು ತಿಂಗಳು. ಮೊದಮೊದಲು ಟ್ರೇಸರ್ ಹಚ್ಚಿದ ಕೂಡಲೇ ಪೆಟ್ಟಿಗೆಯ ಬೋರ್ಡೇ ನಿಂತುಬಿಡುತ್ತಿತ್ತು. ಒಂದು ಮಧ್ಯಾಹ್ನ ನಕ್ಕು ಹೇಳಿದಿರಿ:

"ಫಂಕ್ಷನ್ ಮುಗದ ಮ್ಯಾಲೆ ಹೊಳ್ಳಿ ಹೋಗು ವಿಳಾಸ ಪಿಸಿಯೊಳಗ ಮೆಮರಿಯ ಸ್ಟ್ಯಾಕ್‌ನ್ಯಾಗ ಇರ್ತೈತ್ರಿ ಸರ್. ಇಲ್ಲಿ ಪ್ರೊಸೆಸರ್‌ನ ಒಂದ ರಿಜಿಸ್ಟರ್‌ನ್ಯಾಗ ಐತಿ. ನಾವು ನಡುವ ಹೊಕ್ಕು ಅದನ್ನ ಅಳಿಸಾಕತ್ತೇವಿ. ಮನಿ ದಾರಿನ ಅಳಿಸಿದ್ರ ಹೆಂಗ ಹೋಗ್ತಾರ್ರಿ?"

ಆ ವಿಳಾಸವನ್ನು ಮೊದಲು ಉಳಿಸಿಕೊಳ್ಳುವ ನಾಲ್ಕು ಸಾಲು ಬರೆದಿರಿ. ಟ್ರೇಸರ್ ಓಡಿತು. ನನಗೆ ಹೊಟ್ಟೆಕಿಚ್ಚಾಯಿತು — ಹೌದು, ಅದನ್ನೂ ಹೇಳಿಬಿಡಬೇಕು.

ತಾಂಬಾದ ಕಾಟಾದಲ್ಲಿ ಅದು ದಾಖಲಿಸಿದ್ದನ್ನು ನಾನೇ ತಂದು ಮುದ್ರಿಸಿದೆ. ಕೊನೆಯ ಸಾಲಿನಲ್ಲಿ, ಕಾಟಾ ಸ್ತಬ್ಧವಾಗುವ ಮೊದಲು ಓಡಿದ್ದಾಗಿ, ನನ್ನ ಫಂಕ್ಷನ್. ತೂಕ ಸ್ಥಿರವಾಗುವವರೆಗೆ ಬೇರೆ ಯಾವ ಕೆಲಸಕ್ಕೂ ಎಡೆಗೊಡದೆ ಕಾಯುತ್ತಿತ್ತು ಅದು. ನಾನು ಅಂಗಳದಲ್ಲಿ ಮರಳಿನ ಚೀಲ ಇಟ್ಟು ಪರೀಕ್ಷಿಸಿದ್ದೆ. ಮರಳಿನ ಚೀಲ ಅಲುಗುವುದಿಲ್ಲ. ಬಂಡಿಗೆ ಕಟ್ಟಿದ ಎತ್ತು ಕಾಲು ಬದಲಿಸುತ್ತದೆ, ತಲೆ ಕೊಡವುತ್ತದೆ — ತೂಕ ನಿಲ್ಲುವುದೇ ಇಲ್ಲ. ಎತ್ತು ಕಟ್ಟಿದ ಮನೆಯಲ್ಲಿ ಹುಟ್ಟಿದವನಿಗೆ ಇಷ್ಟು ಹೊಳೆಯಲಿಲ್ಲವಲ್ಲ! ಆ ಸಾಲಿದ್ದ ಹಾಳೆಯ ತುದಿ ಹರಿದು ಕಿಸೆಗೆ ಹಾಕಿದೆ.

"ತಪ್ಪು ಎಲ್ಲೈತ್ರಿ?" ಎಂದು ಮಾಲಕರು ಕೇಳಿದಾಗ ಕುಂಬಳಕಾಯಿ ಕಳ್ಳನಂತೆ ನನ್ನ ಕೈ ಕಿಸೆಗೇ ಹೋಯಿತು. ನೀವು ಪಕ್ಕದಲ್ಲೇ ನಿಂತಿದ್ದಿರಿ.

"ಇವ್ರ ಟ್ರೇಸರ್ ಭರೋಸಾ ಇಲ್ರಿ," ಎಂದೆ. "ಅದನ್ನ ಹಚ್ಚಿದ ಮ್ಯಾಲೆ ಕಾಟಾ ಇನ್ನೂ ಕೆಟ್ಟೈತಿ."

ನೀವು ವಾದಿಸಿದ್ದರೆ — ವಾದಿಸಲಿಲ್ಲ. ಸಂಜೆ ನನ್ನ ಬಳಿ ಬಂದು, "ನನ್ನ ಕೈಲೆ ಎಲ್ಲೋ ತಪ್ಪಾಗೈತ್ರಿ ಸರ್, ನಿಮ್ಮ ಹೆಸರೂ ಕೆಡಿಸಿದ್ನಿ" ಎಂದಿರಿ. ನಾನು "ಇರಲಿ ಬಿಡ್ರಿ" ಎಂದೆ. ಇರಲಿ ಬಿಡ್ರಿ! ದೊಡ್ಡ ಮನುಷ್ಯ ನಾನು.

ಆ ವಾರವೇ ನನ್ನ ಕೋಡನ್ನು ಗುಟ್ಟಾಗಿ ತಿದ್ದಿದೆ. ಕಾಟಾ ಸರಿಯಾಯಿತು, ಮಾಲಕರು ನನಗೆ ಭೇಷ್ ಎಂದರು. ತಿಂಗಳೊಳಗೆ ನೀವು ಕೆಲಸ ಬಿಟ್ಟಿರಿ. ಮುದ್ದೇಬಿಹಾಳದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೀರೆಂದೂ, ಕಂಪ್ಯೂಟರ್ ಪಾಠ ತೆಗೆದುಕೊಳ್ಳಿ ಎಂದರೆ "ಅದು ನನ್ನ ಕೈಲೆ ಆಗೂದಲ್ರಿ" ಎನ್ನುತ್ತೀರೆಂದೂ ಕೇಳಿದೆ. ಇದಕ್ಕಿಂತ ಹೇಸಿಗೆಯ ಮಾತು ಇನ್ನೊಂದಿದೆ — ನಿಮ್ಮ ಟ್ರೇಸರ್‌ನ ಪ್ರತಿ ಇಟ್ಟುಕೊಂಡು ವರ್ಷಗಟ್ಟಲೆ ಬಳಸಿದೆ. ಒಂದು ದಿನವೂ ಅದು ತಪ್ಪು ಹೇಳಲಿಲ್ಲ.

ನಿನ್ನೆ ಮಾಲಕರಿಗೆ ಎಲ್ಲ ಹೇಳಿ ಬಂದೆ. ಅವರು, "ನನಗ್ಯಾಕ ಹೇಳ್ತೀರಿ? ಆ ವಸುಧಾ ಬಾಯಾರಿಗೆ ಹೇಳ್ರಿ" ಎಂದರು.

ಹರಿದ ತುಂಡು ಈ ಪತ್ರದ ಜೊತೆಗಿದೆ. ಕ್ಷಮೆ ಕೇಳುವ ಮುಖ ನನಗಿಲ್ಲ. ಆ ಕೊನೆಯ ಸಾಲನ್ನು ಒಮ್ಮೆ ಓದಿ. ನಿಮ್ಮ ಕೈಲಿ ಆಗಿತ್ತು, ವಸುಧಾ ಅವರೇ.